ಹಳೆಯ ಕಾಮಿಕ್ಸ್: ಪ್ರಕಾಶನ ವಿವರ ನೋಡಿ ಮೊದಲ ಮುದ್ರಣವೆಂದು ಹೇಳಬಹುದೇ?

ಪ್ರಶ್ನೆ
ಹಳೆಯ ಅಮೆರಿಕನ್ ಕಾಮಿಕ್ಸ್ ಸಂಗ್ರಹಿಸಲು ಈಚೆಗೆ ಆರಂಭಿಸಿದ್ದೇನೆ. ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಮಾಲಿಕೆಯ 18ನೆಯ ಸಂಚಿಕೆಯೊಂದು ಕೈಸೇರಿದ್ದು, ಮಾರಿದವರು ಅದನ್ನು ಮೊದಲ ಮುದ್ರಣವೆಂದೇ ಹೇಳಿದ್ದಾರೆ. ಸಣ್ಣ ಅಕ್ಷರಗಳಲ್ಲಿರುವ ಪ್ರಕಾಶನ ವಿವರದಲ್ಲಿ ಮರುಮುದ್ರಣ ಎಂಬ ಮಾತು ಎಲ್ಲೂ ಇಲ್ಲ. ಇಷ್ಟನ್ನೇ ನೋಡಿ ನಂಬಬಹುದೇ? 1977ರ ಸ್ಟಾರ್ ವಾರ್ಸ್ ಮೊದಲ ಸಂಚಿಕೆಯನ್ನೂ ಕೊಳ್ಳುವ ಯೋಚನೆಯಿದೆ. ಅದರಲ್ಲಿ ಏನನ್ನು ಗಮನಿಸಬೇಕು?

ಉತ್ತರ 1
ನಂಬಬಾರದು. ಈ ಮಾಲಿಕೆಯ ಸಂಚಿಕೆಗಳನ್ನು ಬೇಡಿಕೆ ಇದ್ದಷ್ಟು ಕಾಲ ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದರು. ಹಾಗೆ ಅಚ್ಚು ಹಾಕುವಾಗ ಒಳಗಿನ ದಿನಾಂಕವನ್ನು ತಿದ್ದದೆ ಹಾಗೆಯೇ ಬಿಟ್ಟಿರುವುದೂ ಉಂಟು. ಆದ್ದರಿಂದ ಮೊದಲು ನೋಡಬೇಕಾದದ್ದು ಓದುಗರು ಹಳೆಯ ಸಂಚಿಕೆಗಳನ್ನು ತರಿಸಿಕೊಳ್ಳಲೆಂದು ಕೊಟ್ಟಿರುವ, ಸಾಮಾನ್ಯವಾಗಿ ಹಿಂಬದಿಯ ರಕ್ಷಾಪುಟದಲ್ಲಿರುವ ಪಟ್ಟಿಯನ್ನು. ಅದರಲ್ಲಿರುವ ಅತಿ ದೊಡ್ಡ ಸಂಖ್ಯೆ ನಿಮ್ಮ ಸಂಚಿಕೆಯ ಸಂಖ್ಯೆಗೆ ಹತ್ತಿರವಿದ್ದರೆ ಮೊದಲ ಮುದ್ರಣವಾಗಿರುವ ಸಾಧ್ಯತೆಯಿದೆ. ಬಹಳ ಮುಂದಿದ್ದರೆ ಆ ಪ್ರತಿ ಅಚ್ಚಾದ ಹೊತ್ತಿಗೆ ಅಷ್ಟೂ ಸಂಚಿಕೆಗಳು ಬಂದಾಗಿದ್ದವು ಎಂದರ್ಥ.

ಇನ್ನೊಂದು ಗುರುತು ಇದಕ್ಕಿಂತ ಸುಲಭದ್ದು. 1941ರಲ್ಲಿ ಆರಂಭವಾದಾಗ ಈ ಮಾಲಿಕೆಗೆ ಕ್ಲಾಸಿಕ್ ಕಾಮಿಕ್ಸ್ ಎಂಬ ಹೆಸರಿತ್ತು. 1947ರಲ್ಲಿ, 35ನೆಯ ಸಂಚಿಕೆಯಿಂದ, ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಎಂದಾಯಿತು. ಹೀಗಾಗಿ 1ರಿಂದ 34ರವರೆಗಿನ ಯಾವುದೇ ಸಂಚಿಕೆಯ ಮುಖಪುಟದಲ್ಲಿ ಹೊಸ ಹೆಸರಿದ್ದರೆ ಅದು ಮರುಮುದ್ರಣವೇ ಸರಿ. ಇದನ್ನು ತಿರುಗಿಸಿ ಹೇಳಲಾಗದು: ಹಳೆಯ ಹೆಸರಿನಲ್ಲೂ ಮರುಮುದ್ರಣಗಳು ಬಂದಿವೆ, ಅವುಗಳಿಗೆ ಪಟ್ಟಿಯೇ ಗತಿ.

ಉತ್ತರ 2
ಸ್ಟಾರ್ ವಾರ್ಸ್ ಬಗ್ಗೆ: ಮೊದಲ ಮುದ್ರಣದ ಸಾಮಾನ್ಯ ಪ್ರತಿಗಳ ಬೆಲೆ 30 ಸೆಂಟ್. ಬೆಲೆ ಏರಿಸಿದರೆ ಹೇಗೆಂದು ಪರೀಕ್ಷಿಸಲು ಕೆಲವೇ ಊರುಗಳಲ್ಲಿ 35 ಸೆಂಟಿನ ಪ್ರತಿಗಳನ್ನೂ ಮಾರಿದ್ದು, ಅವು ಇಂದು ಬಹಳ ದುಬಾರಿ. ಗೊಂದಲವೇನೆಂದರೆ ನಂತರದ ಹಲವು ಮರುಮುದ್ರಣಗಳ ಮೇಲೂ 35 ಸೆಂಟ್ ಎಂದೇ ಇದೆ. ಅಪರೂಪದ ಪ್ರತಿಯಲ್ಲಿ ಬೆಲೆ ಚೌಕದೊಳಗಿದ್ದು, ಕೆಳಗಿನ ಬಾರ್‌ಕೋಡ್ ಚೌಕಟ್ಟಿನಲ್ಲಿ ಗೆರೆಗಳಿರುತ್ತವೆ; ಹಲವು ಮರುಮುದ್ರಣಗಳಲ್ಲಿ ಬೆಲೆ ವಜ್ರಾಕೃತಿಯೊಳಗಿರುತ್ತದೆ. ಮಾರುವವರು ಬೆಲೆಯ ಮೂಲೆಯನ್ನು ಮಾತ್ರ ಮಬ್ಬಾಗಿ ತೋರಿಸುವ ಚಿತ್ರ ಹಾಕಿದ್ದರೆ ನಾನಂತೂ ಆ ವ್ಯವಹಾರಕ್ಕೆ ಹೋಗುವುದಿಲ್ಲ.

ಇನ್ನೂ ಹಳೆಯದರತ್ತ ಹೋಗುವುದಾದರೆ ಅಳತೆಪಟ್ಟಿ ಜೊತೆಗಿರಲಿ. 1938ರ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯನ್ನು ಡಿಸಿ ಸಂಸ್ಥೆ 1974ರಲ್ಲಿ ದೊಡ್ಡ ಆಕಾರದಲ್ಲಿ ಮರುಮುದ್ರಿಸಿತು. ಅದರ ಹೊರಗಿನ ದಪ್ಪ ಹೊದಿಕೆಯನ್ನು ಕಿತ್ತರೆ ಒಳಗೆ ಮೂಲದ ಮುಖಪುಟವೇ ಕಾಣುವುದರಿಂದ ಅನೇಕರು ಮೋಸಹೋಗಿದ್ದಾರೆ. ಆದರೆ ಅದರ ಎತ್ತರ ಸುಮಾರು ಹದಿಮೂರೂವರೆ ಇಂಚು, ಮೂಲದ್ದು ಹತ್ತಿಂಚಿಗಿಂತ ಸ್ವಲ್ಪವೇ ಹೆಚ್ಚು.

ಉತ್ತರ 3
ಮೇಲಿನವೆಲ್ಲ ಅಧಿಕೃತ ಮರುಮುದ್ರಣಗಳ ಮಾತಾಯಿತು. ನಕಲಿ ಪ್ರತಿಯ ಅನುಮಾನವಿದ್ದರೆ ಭೂತಗನ್ನಡಿಯಲ್ಲಿ ಕಪ್ಪು ಗೆರೆಗಳನ್ನು ನೋಡಿ. ಮೂಲದಲ್ಲಿ ಬಣ್ಣಗಳು ಚುಕ್ಕೆಗಳಿಂದಾಗಿದ್ದರೂ ಚಿತ್ರದ ಕಪ್ಪು ಗೆರೆಯಲ್ಲಿ ಶಾಯಿ ಒಂದೇ ಸಮನೆ ತುಂಬಿರುತ್ತದೆ. ಅಚ್ಚಾದ ಪುಟವನ್ನೇ ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿನಲ್ಲಿ ಆ ಗೆರೆಯೂ ಚುಕ್ಕೆಚುಕ್ಕೆಯಾಗಿ ಒಡೆದಿರುವುದುಂಟು, ಮಾತಿನ ಗುಳ್ಳೆಯೊಳಗಿನ ಅಕ್ಷರಗಳ ಅಂಚಿನಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಪಟ್ಟಿಯನ್ನು ನೋಡಿದೆ, ಅದು 60ಕ್ಕೆ ಮುಗಿಯುತ್ತದೆ. ಮುಖಪುಟದಲ್ಲಿರುವುದೂ ಹೊಸ ಹೆಸರೇ.

ಉತ್ತರ 1
ಹಾಗಿದ್ದರೆ ಎರಡು ಕಡೆಯಿಂದಲೂ ಅದು ಮರುಮುದ್ರಣವೆಂದು ಖಚಿತವಾಯಿತು. ಮುಖಪುಟದ ಮತ್ತು ಪಟ್ಟಿಯ ಚಿತ್ರಗಳನ್ನು ಮಾರಿದವರಿಗೆ ಕಳುಹಿಸಿ, ಮೊದಲ ಮುದ್ರಣವೆಂದು ತೆಗೆದುಕೊಂಡ ಹೆಚ್ಚಿನ ಹಣವನ್ನು ಹಿಂದಿರುಗಿಸುವಂತೆ ಕೇಳಿ.