ಅಪ್‌ಡೇಟ್: ಫೆಡೋರಾದಲ್ಲಿ ವಿಡಿಯೊ ಎಡಿಟಿಂಗ್ ತಂತ್ರಾಂಶ ಕೊನೆಗೂ ತೆರೆದುಕೊಂಡಿತು
ಹಣ ಕೊಟ್ಟು ಕೊಂಡ ವಿಡಿಯೊ ಎಡಿಟಿಂಗ್ ತಂತ್ರಾಂಶವು ನಾನು ಫೆಡೋರಾ 38ಕ್ಕೆ (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯ ಒಂದು ಆವೃತ್ತಿ) ಬದಲಾದ ದಿನದಿಂದ ತೆರೆದುಕೊಳ್ಳುತ್ತಿಲ್ಲವೆಂದು ಇಲ್ಲಿ ಸಹಾಯ ಕೇಳಿದ್ದೆ. ಐಕಾನ್ ಒತ್ತಿದರೆ ಏನೂ ಕಾಣುತ್ತಿರಲಿಲ್ಲ. ನಿಮ್ಮ ಸಲಹೆಯಂತೆ ಟರ್ಮಿನಲ್‌ನಿಂದ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ಚಾಲೂ ಮಾಡಿದಾಗ, ಪಠ್ಯವನ್ನು ತೆರೆಯ ಮೇಲೆ ಮೂಡಿಸುವ ಪ್ಯಾಂಗೋ ಲೈಬ್ರರಿ (ಲಿಬ್‌ಪ್ಯಾಂಗೋ; ಲೈಬ್ರರಿ ಎಂದರೆ ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್) ಹುಡುಕುತ್ತಿದ್ದ 'ಜಿ_ಸ್ಟ್ರಿಂಗ್_ಫ್ರೀ_ಅಂಡ್_ಸ್ಟೀಲ್' ಎಂಬ ಸಿಂಬಲ್ (ಇಲ್ಲಿ ಒಂದು ಫಂಕ್ಷನ್‌ನ ಹೆಸರು) ಸಿಗಲಿಲ್ಲವೆಂಬ ಒಂದೇ ಸಾಲು ಬಂತು.

ಕಾರಣ ಈಗ ಸ್ಪಷ್ಟವಾಗಿದೆ. ಆ ಫಂಕ್ಷನ್ ಸೇರಿದ್ದು ಪ್ಯಾಂಗೋ ಸೇರಿ ಹಲವು ತಂತ್ರಾಂಶಗಳು ಅವಲಂಬಿಸುವ ಮೂಲ ಲೈಬ್ರರಿಯಾದ ಜಿಲಿಬ್‌ನ 2023ರಲ್ಲಿ ಬಂದ 2.76 ಆವೃತ್ತಿಯಲ್ಲಿ. ತಂತ್ರಾಂಶವು ತನ್ನದೇ ಫೋಲ್ಡರಿನಲ್ಲಿರುವ ಹಳೆಯ ಜಿಲಿಬ್ ಅನ್ನು ಮೊದಲು ಲೋಡ್ ಮಾಡುತ್ತದೆ. ಒಂದು ಪ್ರೋಸೆಸ್‌ನಲ್ಲಿ (ಚಾಲನೆಯಲ್ಲಿರುವ ಪ್ರೋಗ್ರಾಮ್) ಅದೇ ಹೆಸರಿನ ಲೈಬ್ರರಿ ಮತ್ತೊಮ್ಮೆ ಲೋಡ್ ಆಗದ ಕಾರಣ, ಹೊಸ ಜಿಲಿಬ್‌ಗಾಗಿ ಕಂಪೈಲ್ ಆದ ಸಿಸ್ಟಮ್‌ನ ಪ್ಯಾಂಗೋ ಆ ಫಂಕ್ಷನ್ ಇಲ್ಲದ ಹಳೆಯದರ ಮೇಲೆಯೇ ನಿಲ್ಲಬೇಕಾಗುತ್ತದೆ.

ನಾವು ಸೂಚಿಸಿದ ಲೈಬ್ರರಿಯನ್ನೇ ಎಲ್ಲಕ್ಕಿಂತ ಮೊದಲು ಲೋಡ್ ಮಾಡಿಸುವ ಎಲ್‌ಡಿ_ಪ್ರಿಲೋಡ್ ಉಪಾಯವೂ ಫಲಿಸಿತು, ಆದರೆ ತಂತ್ರಾಂಶ ಹುಟ್ಟುಹಾಕುವ ಇತರ ಪ್ರೋಸೆಸ್‌ಗಳಿಗೂ ಅದು ಅಂಟಿಕೊಳ್ಳುವುದರಿಂದ ನನಗೆ ಒಪ್ಪಿಗೆಯಾಗಲಿಲ್ಲ. ಬದಲಿಗೆ ತಂತ್ರಾಂಶದ ಫೋಲ್ಡರಿನಲ್ಲಿದ್ದ ಹಳೆಯ ಜಿಲಿಬ್‌ನ ಲಿಬ್‌ಜಿಲಿಬ್, ಲಿಬ್‌ಜಿಯೊ, ಲಿಬ್‌ಜಿಮಾಡ್ಯೂಲ್, ಲಿಬ್‌ಜಿಆಬ್ಜೆಕ್ಟ್ ಕಡತಗಳನ್ನು ಅಳಿಸದೆ 'ಹಳೆಯವು' ಎಂಬ ಉಪಫೋಲ್ಡರಿಗೆ ಸರಿಸಿದೆ. ಜಿಲಿಬ್ 2ರ ಸರಣಿಯು ಹಿಂದಿನ ಆವೃತ್ತಿಗಳೊಂದಿಗೆ ಹೊಂದಾಣಿಕೆ ಕಾಯ್ದುಕೊಂಡಿರುವುದರಿಂದ ಸಿಸ್ಟಮ್‌ನ ಹೊಸ ಪ್ರತಿಯೇ ಸಾಕಾಯಿತು. ತಂತ್ರಾಂಶವನ್ನು ಮರಳಿ ಇನ್‌ಸ್ಟಾಲ್ ಮಾಡಿದರೆ ಹಳೆಯ ಕಡತಗಳು ಮತ್ತೆ ಬಂದು ಕೂರುತ್ತವೆ, ಆಗ ಇದೇ ಕೆಲಸವನ್ನು ಪುನಃ ಮಾಡಬೇಕು. ತಾಳ್ಮೆಯಿಂದ ದಾರಿ ತೋರಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.