ವೇದಿಕೆಯಲ್ಲಿ ಆಡಿಬಿಟ್ಟ ಮನೆಯ ಮಾತನ್ನು ಮತ್ತೆ ಮನೆಯೊಳಗಿಡುವುದು ಹೇಗೆ?

ಪ್ರಶ್ನೆ:
ನಾನು ಒಂದು ಸ್ವಯಂಸೇವಾ ಸಂಸ್ಥೆಯ ಅಧ್ಯಕ್ಷೆಯಾಗಿ ಎರಡು ವರ್ಷಗಳಾದವು. ಕಳೆದ ವರ್ಷ ಭಾಷಣವೊಂದರಲ್ಲಿ, ಆರೈಕೆ ಮಾಡುವವರ ದಣಿವನ್ನು ವಿವರಿಸುವ ಭರದಲ್ಲಿ ನನ್ನ ತಂದೆಯ ಕಾಯಿಲೆಯ ವಿಷಯವನ್ನು ಹೇಳಿಬಿಟ್ಟೆ. ಅಂದಿನಿಂದ ಪ್ರತಿ ಸಭೆಯಲ್ಲೂ ಪರಿಚಯವಿಲ್ಲದವರು ಕೂಡ ಅವರ ಆರೋಗ್ಯ ವಿಚಾರಿಸುತ್ತಾರೆ. ಕೇಳುವವರೆಲ್ಲರೂ ಅಕ್ಕರೆಯಿಂದಲೇ ಕೇಳುತ್ತಾರೆ ಎಂಬುದೇ ನನ್ನ ಕಷ್ಟ. ಇದರಿಂದ ತಪ್ಪಿಸಿಕೊಳ್ಳಲು ಅಳೆದು ತೂಗಿ ಮಾತನಾಡತೊಡಗಿದಾಗ, ಹಿರಿಯ ಸಹೋದ್ಯೋಗಿಯೊಬ್ಬರು, ‘ಇತ್ತೀಚೆಗೆ ನೀವು ಮಾತನಾಡಿದರೆ ಪತ್ರಿಕಾ ಹೇಳಿಕೆ ಓದಿದಂತಿರುತ್ತದೆ’ ಎಂದರು. ಪ್ರಾಮಾಣಿಕವಾಗಿರುವುದಕ್ಕೂ ಮನೆಯನ್ನು ಕಾಪಾಡಿಕೊಳ್ಳುವುದಕ್ಕೂ ಹೊಂದಾಣಿಕೆ ಸಾಧ್ಯವೇ?

ಉತ್ತರ 1:
ನೀವು ಹೇಳಿದ್ದು ನಿಮ್ಮೊಬ್ಬರದೇ ಆದ ವಿಷಯವಲ್ಲ, ನಿಮ್ಮ ತಂದೆಯವರದೂ ಹೌದು. ತೊಡಕು ಅಲ್ಲಿದೆ ಎಂದು ನನ್ನ ಅನಿಸಿಕೆ. ಖಾಸಗಿ ಮಾಹಿತಿಯ ನಿರ್ವಹಣೆಯ ಬಗ್ಗೆ ಸಿದ್ಧಾಂತ ರೂಪಿಸಿದ ಅಮೆರಿಕದ ಸಂವಹನ ವಿದ್ವಾಂಸೆ ಸ್ಯಾಂಡ್ರಾ ಪೆಟ್ರೋನಿಯೊ ಅವರ ಪ್ರಕಾರ, ಗುಟ್ಟನ್ನು ಕೇಳಿಸಿಕೊಂಡವರು ಅದಕ್ಕೆ ಪಾಲುದಾರರಾಗುತ್ತಾರೆ. ಅದನ್ನು ಹೇಗೆ ಬಳಸಬೇಕೆಂದು ಹೇಳದಿದ್ದರೆ ತಮಗೆ ತೋಚಿದಂತೆ ಬಳಸುತ್ತಾರೆ. ಆದ್ದರಿಂದ ಈಗಲಾದರೂ, ‘ಅವರ ವಿಷಯವನ್ನು ಇನ್ನು ಮುಂದೆ ಹೊರಗೆ ಮಾತನಾಡುವುದಿಲ್ಲವೆಂದು ತೀರ್ಮಾನಿಸಿದ್ದೇನೆ, ವಿಚಾರಿಸಿದ್ದಕ್ಕೆ ಕೃತಜ್ಞತೆಗಳು’ ಎಂದು ಹೇಳಿ. ಮಾತು ಮುಗಿಸುವ ಅವಸರದಲ್ಲಿ ‘ಚೆನ್ನಾಗಿದ್ದಾರೆ’ ಎಂದು ಸುಳ್ಳು ಹೇಳುವುದಕ್ಕಿಂತ ಈ ನಿರಾಕರಣೆಯೇ ಹೆಚ್ಚು ಪ್ರಾಮಾಣಿಕ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಮನೆಯ ವಿಷಯವೆಂದು ಒಳಗಿಡಲಾಗದು. 1998ರಲ್ಲಿ ನಾರ್ವೆಯ ಪ್ರಧಾನಿಯಾಗಿದ್ದ ಶೆಲ್ ಮಾಗ್ನೆ ಬೊಂಡೆವಿಕ್ ಅವರು ಮೂರು ವಾರಗಳಿಗೂ ಹೆಚ್ಚು ಕಾಲ ರಜೆ ಪಡೆದಾಗ, ಬೇರೊಂದು ನೆಪ ಹೇಳದೆ, ಕಾರಣ ಖಿನ್ನತೆಯೆಂದು ಬಹಿರಂಗಪಡಿಸಿದರು. ಬಳಿಕ ಕೆಲಸಕ್ಕೆ ಮರಳಿದರು. ಮುಂದೆ ಅಧಿಕಾರ ಕಳೆದುಕೊಂಡರೂ 2001ರಲ್ಲಿ ಮತ್ತೆ ಪ್ರಧಾನಿಯಾದರು. ನಿಮ್ಮ ಗೈರುಹಾಜರಿ, ನಿರ್ಧಾರ ಅಥವಾ ಸಂಸ್ಥೆಯ ಹಣದ ಮೇಲೆ ಪರಿಣಾಮ ಬೀರುವ ಸಂಗತಿಯನ್ನು, ಪರಿಣಾಮವಿರುವಷ್ಟರ ಮಟ್ಟಿಗೆ, ತಿಳಿಸಲೇಬೇಕು. ಉಳಿದದ್ದನ್ನು ಹೇಳುವುದೂ ಬಿಡುವುದೂ ನಿಮ್ಮ ಇಷ್ಟ.

ನಿಮ್ಮ ಸಹೋದ್ಯೋಗಿಯ ದೂರನ್ನು ಮಾತ್ರ ನಾನು ಬೇರೆ ರೀತಿ ಓದುತ್ತೇನೆ. ಅವರಿಗೆ ಕೊರತೆಯೆನಿಸಿದ್ದು ನಿಮ್ಮ ಮನೆಯ ಕಥೆಯಾಗಿರಲಾರದು. ಕೆಲಸದ ವಿಷಯದಲ್ಲೂ ನೀವು ‘ಈ ನಿರ್ಧಾರದಲ್ಲಿ ಎಡವಿದೆ’, ‘ಇದು ನನಗೆ ಗೊತ್ತಿಲ್ಲ’ ಎನ್ನುವುದನ್ನು ನಿಲ್ಲಿಸಿರಬಹುದು. ಒಂದು ಕಿಟಕಿ ಮುಚ್ಚಲು ಹೋಗಿ ಇಡೀ ಮನೆಗೇ ಬೀಗ ಹಾಕಿದಂತಾಗಿದೆ.

ಉತ್ತರ 3:
ಇನ್ನೊಂದು ಮಾತು. ನನಗಿಂತ ಮೊದಲು ನಮ್ಮ ಸಂಸ್ಥೆಯ ಅಧ್ಯಕ್ಷರಾಗಿದ್ದವರನ್ನು ‘ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ’ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ; ನನ್ನನ್ನು ಕೇಳದ ತಿಂಗಳಿಲ್ಲ. ಅವರು ಉತ್ತರಿಸದಿದ್ದರೆ ಗಾಂಭೀರ್ಯ, ನಾನು ಉತ್ತರಿಸದಿದ್ದರೆ ಬಿಗುಮಾನ! ಆದ್ದರಿಂದ ಹೊಂದಾಣಿಕೆಯ ಹೊಣೆಯನ್ನೆಲ್ಲ ನಿಮ್ಮ ಮೇಲೆಯೇ ಹೊತ್ತುಕೊಳ್ಳಬೇಡಿ. ಕಾರ್ಯಕ್ರಮದ ನಿರೂಪಕರಿಗೆ ಮೊದಲೇ ತಿಳಿಸಿಟ್ಟರೆ ಅರ್ಧ ಮುಜುಗರ ತಪ್ಪುತ್ತದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ:
ಎಲ್ಲರಿಗೂ ಧನ್ಯವಾದಗಳು. ಮೊದಲ ಉತ್ತರ ಓದಿದ ಮೇಲೆ, ಒಂದು ವರ್ಷ ತಡವಾಗಿಯಾದರೂ, ತಂದೆಯವರನ್ನೇ ಕೇಳಿದೆ. ‘ಕಾಯಿಲೆಯಿದೆ ಎಂದು ಹೇಳಿದ್ದಕ್ಕೆ ಬೇಸರವಿಲ್ಲ, ನನಗೆ ಊಟ ಮಾಡಿಸುತ್ತೀಯೆಂದು ಹೇಳಬಾರದಿತ್ತು’ ಎಂದರು. ಆ ವಾಕ್ಯ ನನಗೆ ನೆನಪೇ ಇರಲಿಲ್ಲ.