ಮಂಡಿ ಆಪರೇಷನ್ ಆದ ಮೇಲೆ ಗೈಡೆಡ್ ಇಮೇಜರಿ: ನನಗೆ ಸಮುದ್ರ ಒಗ್ಗುತ್ತಿಲ್ಲ

ಹೊಲಿಗೆಯಮ್ಮ:

ನನಗೆ 71 ವರ್ಷ. ಬಲ ಮಂಡಿ ಬದಲಾಯಿಸಿ ಇವತ್ತಿಗೆ 12 ದಿನ. ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರುತ್ತೇನೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ 2 ಗಂಟೆಗೆ ಎಚ್ಚರವಾದರೆ ಮುಗಿಯಿತು, ಮಂಡಿಯೊಳಗೆ ಯಾರೋ ಕೂತು ಸ್ಕ್ರೂ ತಿರುಗಿಸಿದ ಹಾಗೆ. ಅದಕ್ಕಿಂತ ಜಾಸ್ತಿ, ಬೆಳಿಗ್ಗೆ ಫಿಸಿಯೋ ಹುಡುಗಿ ಬರುತ್ತಾಳಲ್ಲ ಅನ್ನುವ ಭಯ. ಹುಡುಗಿ ಒಳ್ಳೆಯವಳೇ. ಆದರೆ ಕಾಲು ಮಡಚಿಸುತ್ತಾಳೆ. ಅವಳ ಚಪ್ಪಲಿ ಬಾಗಿಲಲ್ಲಿ ಕಂಡ ಕೂಡಲೇ ನನ್ನ ತೊಡೆ ಕಲ್ಲಾಗುತ್ತದೆ. ಮಂಡಿ 75 ಡಿಗ್ರಿ ದಾಟುತ್ತಿಲ್ಲ.

ಮಗ ಫೋನಿನಲ್ಲಿ ಗೈಡೆಡ್ ಇಮೇಜರಿ ಅನ್ನುವ ಆಡಿಯೋ ಹಾಕಿ ಕೊಟ್ಟಿದ್ದಾನೆ. ಕಣ್ಣು ಮುಚ್ಚಿಕೊಂಡು, ಅವರು ಹೇಳಿದ ಜಾಗವನ್ನು ಮನಸ್ಸಿನಲ್ಲೇ ನೋಡಬೇಕಂತೆ. 20 ನಿಮಿಷ. "ನೀವೀಗ ಸಮುದ್ರದ ದಡದಲ್ಲಿ ನಡೆಯುತ್ತಿದ್ದೀರಿ" ಅಂತ ಶುರು. ನನಗೆ ಮೊದಲೇ ನೀರು ಕಂಡರೆ ಆಗುವುದಿಲ್ಲ. ಈ ಮಂಡಿ ಇಟ್ಟುಕೊಂಡು ಮರಳಿನಲ್ಲಿ ನಡೆಯುವುದು ಬೇರೆ! ಮನಸ್ಸಿನಲ್ಲೂ ಜಾರಿ ಬೀಳುತ್ತೇನೆ. ಹಿಂದೆ ಪಿಟೀಲು ನುಡಿಸುತ್ತಿರುತ್ತಾರೆ. ನನ್ನ ಕಿವಿ ಮಂದ, ಅರ್ಧ ಮಾತು ಪಿಟೀಲಿನಲ್ಲೇ ಮುಳುಗುತ್ತದೆ.

ಇದರಿಂದ ನಿಜವಾಗಿ ಯಾರಿಗಾದರೂ ಉಪಯೋಗವಾಗಿದೆಯಾ? ಅಥವಾ ಮುದುಕರನ್ನು ಸುಮ್ಮನೆ ಮಲಗಿಸುವ ಉಪಾಯವಾ? ಬೇಜಾರು ಮಾಡಿಕೊಳ್ಳುವುದಿಲ್ಲ, ನೇರವಾಗಿ ಹೇಳಿ.

ಅಪ್ಪನಮಗ:

ನಮ್ಮ ಅಪ್ಪನಿಗೆ 80. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ನಾನೂ ಇಂಥದ್ದೇ ಆಡಿಯೋ ಹಾಕಿದ್ದೆ, ಮೂರನೇ ನಿಮಿಷಕ್ಕೆ ಗೊರಕೆ. ನೋವು ಇಳಿಯಿತೋ ಇಲ್ಲವೋ, ನಿದ್ದೆ ಬಂತು. ನನಗೆ ಅಷ್ಟೇ ಸಾಕಾಗಿತ್ತು.

ಆದರೆ ಅದಕ್ಕೂ ಮೊದಲು ಒಂದು ಎಡವಟ್ಟು ಮಾಡಿದ್ದೆ. ಆಪರೇಷನ್ ಆದ ಎರಡನೇ ರಾತ್ರಿಯೇ ಹಾಕಿದ್ದೆ. ಆಗ ಅವರಿಗೆ ಹಗಲು ರಾತ್ರಿ ತಿಳಿಯುತ್ತಿರಲಿಲ್ಲ, ಗೋಡೆಯ ಹತ್ತಿರ ಯಾರೋ ನಿಂತಿದ್ದಾರೆ ಅನ್ನುತ್ತಿದ್ದರು. ಎಲ್ಲಿಂದಲೋ ಬರುವ ದನಿ ಕೇಳಿ ಇನ್ನೂ ಗಾಬರಿಯಾದರು. ನರ್ಸ್ ಬಂದು ನನ್ನನ್ನು ಬೈದರು. ಅದು ಡೆಲಿರಿಯಂ. ವಯಸ್ಸಾದವರಿಗೆ ಇಂಥ ಆಪರೇಷನ್ ನಂತರ ಆಗುತ್ತಿರುತ್ತದೆ, ತಕ್ಷಣ ಡಾಕ್ಟರಿಗೆ ಹೇಳಬೇಕು. ತಲೆ ತಿಳಿಯಾದ ಮೇಲಷ್ಟೇ ಮತ್ತೆ ಹಾಕಿದೆ.

ಗೋನಿಯೋಮೀಟರ್:

ಅಮ್ಮ, ನಾನೂ ಆ ಚಪ್ಪಲಿಯವರ ಗುಂಪಿನವಳೇ, ಫಿಸಿಯೋ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಇದು ಉಪಾಯವಲ್ಲ, ಮಾತ್ರೆಗೆ ಬದಲಿಯೂ ಅಲ್ಲ. ಮಂಡಿಯಿಂದ ಹೊರಟ ನೋವು ಮಿದುಳಿಗೆ ಇದ್ದ ಹಾಗೇ ತಲುಪುವುದಿಲ್ಲ. ದಾರಿಯಲ್ಲಿ ಒಂದು ಗೇಟು ಇದ್ದ ಹಾಗೆ ಅಂತ ಮೆಲ್ಜಾಕ್ ಮತ್ತು ವಾಲ್ ಅನ್ನುವ ಇಬ್ಬರು ನೋವಿನ ಸಂಶೋಧಕರು 1965ರಲ್ಲೇ ಬರೆದರು. ಭಯ, ನಿದ್ದೆಗೇಡು ಇದ್ದಾಗ ಅದೇ ನೋವು ದೊಡ್ಡದಾಗಿ ಕೇಳಿಸುತ್ತದೆ. ನಿಮ್ಮ ವಿಷಯದಲ್ಲಿ ಇನ್ನೂ ಒಂದಿದೆ. ಭಯಕ್ಕೆ ತೊಡೆಯ ಮುಂದಿನ ಸ್ನಾಯು ಬಿಗಿಯುತ್ತದೆ, ಕಾಲು ಮಡಚಲು ಬಿಡುವುದಿಲ್ಲ. ಆಗ ಫಿಸಿಯೋ ಜಗ್ಗುವುದು ನಿಮ್ಮ ಮಂಡಿಯನ್ನಲ್ಲ, ನಿಮ್ಮ ಭಯವನ್ನು. ತಮಾಷೆ ಅಂದರೆ, ಕಾಲು ನೀಟಾಗಿ ಚಾಚಿ ಎತ್ತಿ ಅಂದಾಗ ಅದೇ ಸ್ನಾಯು ಮಾತು ಕೇಳುವುದಿಲ್ಲ. ಊತ ಇರುವಾಗ ನರಗಳೇ ಅದನ್ನು ತಡೆದು ಹಿಡಿದಿರುತ್ತವೆ.

ಸಮುದ್ರವನ್ನು ಬಿಟ್ಟುಬಿಡಿ. ನಿಮ್ಮ ಹೆಸರು ನೋಡಿ ಕೇಳುತ್ತಿದ್ದೇನೆ, ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ ಅಲ್ವಾ? ಹಾಗಾದರೆ ಅದರ ಮುಂದೆ ಕುಳಿತುಕೊಳ್ಳಿ. ನಿಮ್ಮನ್ನು ನೀವೇ ಸಿನಿಮಾದಲ್ಲಿ ನೋಡಿದ ಹಾಗಲ್ಲ, ಒಳಗಿಂದ. ಅಂಗಾಲಿಗೆ ಪೆಡಲಿನ ತಣ್ಣಗಿನ ಕಬ್ಬಿಣ, ಬೆಲ್ಟಿನ ಸದ್ದು, ಹಿಮ್ಮಡಿ ಒಮ್ಮೆ ಕೆಳಗೆ, ಬೆರಳು ಒಮ್ಮೆ ಕೆಳಗೆ. ನಿಜವಾಗಿ ಹೊಲಿಯುವಾಗ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟೇ ಹೊತ್ತು. ಚಲನೆಯನ್ನು ಹೀಗೆ ನೆನೆಯುವಾಗ ಮಿದುಳಿನಲ್ಲಿ ಆ ಚಲನೆಗೆ ತಯಾರಿ ಮಾಡುವ ಭಾಗಗಳೂ ಕೆಲಸ ಮಾಡುತ್ತವೆ. ಮಂಡಿ ಬದಲಿಸಿದವರ ಮೇಲೆ ಸಣ್ಣ ಅಧ್ಯಯನಗಳು ಆಗಿವೆ, ಆಸೆ ಹುಟ್ಟಿಸುವಂತಿವೆ. ದೊಡ್ಡ ಮಾತು ಆಡುವಷ್ಟಿಲ್ಲ.

ಮಗನ ದನಿಯಲ್ಲೇ ರೆಕಾರ್ಡ್ ಮಾಡಿಸಿ. ನಿಧಾನವಾಗಿ ಓದಲಿ, ಪಿಟೀಲು ಬೇಡ. 10 ನಿಮಿಷ ಸಾಕು. ನೋವಿನ ಮಾತ್ರೆ ತೆಗೆದುಕೊಂಡು, ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಕೇಳಿ. ಮುಗಿದ ಕೂಡಲೇ ಎದ್ದು ನಿಲ್ಲಬೇಡಿ, ಮಂಪರಿನಲ್ಲಿ ತಲೆ ಸುತ್ತಿದರೆ ಕಷ್ಟ. ಕೇಳುವಾಗ ಮಂಡಿಯ ಕೆಳಗೆ ದಿಂಬು ಇಟ್ಟುಕೊಳ್ಳಬೇಡಿ, ಹಾಯೆನಿಸುತ್ತದೆ ನಿಜ, ಆದರೆ ಕಾಲು ನೆಟ್ಟಗಾಗುವುದಿಲ್ಲ. ಎಲ್ಲರಿಗೂ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರ ಬಂದರೆ, ಗಾಯ ಸೋರಿದರೆ ಕಣ್ಣು ಮುಚ್ಚಿ ಕೂರುವುದಲ್ಲ, ಡಾಕ್ಟರಿಗೆ ಫೋನ್ ಮಾಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆಂಬುಲೆನ್ಸನ್ನೇ ಕರೆಯಿರಿ.

ಕತ್ತಲೆಕಣ್ಣು:

ಭುಜದ ಆಪರೇಷನ್ ಆದಾಗ ನನಗೂ ಇದನ್ನು ಹೇಳಿದ್ದರು. ನಾನು ಕಣ್ಣು ಮುಚ್ಚಿದರೆ ಬರೀ ಕತ್ತಲೆ, ಚಿತ್ರವೇ ಬರುವುದಿಲ್ಲ. ಇಂಥವರು ನಾನೊಬ್ಬನೇ ಅಲ್ಲವಂತೆ, ಅದಕ್ಕೆ 2015ರಲ್ಲಿ ಅಫ್ಯಾಂಟೇಸಿಯಾ ಅಂತ ಹೆಸರೂ ಇಟ್ಟಿದ್ದಾರೆ. ನನಗೆ ಸದ್ದು ಮತ್ತು ಸ್ಪರ್ಶ ನೆನಪಿಗೆ ಬರುತ್ತದೆ, ಅದರಲ್ಲೇ ಸುಧಾರಿಸಿದೆ. ನಿಮಗೂ ಚಿತ್ರ ಬರದಿದ್ದರೆ ಬೆಲ್ಟಿನ ಸದ್ದು ಹಿಡಿಯಿರಿ.

ಹೊಲಿಗೆಯಮ್ಮ (9 ದಿನದ ನಂತರ):

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ಮಗನ ಕೈಲಿ ರೆಕಾರ್ಡ್ ಮಾಡಿಸಿದೆ. ಮೊದಲ ಸಲ ವಾರ್ತೆ ಓದಿದ ಹಾಗೆ ಓದಿದ. ಎರಡನೇ ಸಲ ನಾನೇ ಪಕ್ಕದಲ್ಲಿ ಕೂತು "ನಿಲ್ಲಿಸು, ದಾರ ಹಾಕುವುದಕ್ಕೆ ಟೈಮ್ ಕೊಡು" ಅಂತ ಹೇಳಬೇಕಾಯಿತು.

ನಾನು ಒಂದು ಪರದೆ ಹೊಲಿಯುತ್ತೇನೆ. ಉದ್ದ, ನೇರ ಅಂಚು, ಯೋಚನೆ ಬೇಡದ ಕೆಲಸ. ಮೊದಲ ದಿನ ಬಾಬಿನ್ ಖಾಲಿಯಾಯಿತು ಅಂತ ಮನಸ್ಸಿನಲ್ಲೇ ಎದ್ದು ಹುಡುಕಲು ಹೋದೆ, ಎಲ್ಲ ಕೆಟ್ಟಿತು. ಮೂರನೇ ದಿನ ಮಗ ಕರೆದು ತೋರಿಸಿದ: ಹೊದಿಕೆಯ ಕೆಳಗೆ ನನ್ನ ಪಾದ ಮೇಲೆ ಕೆಳಗೆ ಆಡುತ್ತಿದೆ. ನನಗೆ ಗೊತ್ತೇ ಇರಲಿಲ್ಲ. ಫಿಸಿಯೋ ಹುಡುಗಿಗೆ ಹೇಳಿದರೆ, "ದಿನಕ್ಕೆ ಹತ್ತು ಸಲ ಪಾದ ಆಡಿಸಿ ಅಂತ ಬೇಡಿಕೊಂಡಾಗ ಆಡಿಸಲಿಲ್ಲವಲ್ಲ" ಅಂದಳು.

ನೋವು ಇದೆ. ರಾತ್ರಿ 2 ಗಂಟೆಗೆ ಎಚ್ಚರವೂ ಆಗುತ್ತದೆ. ಆದರೆ ತೊಡೆ ಮೊದಲಿನಷ್ಟು ಕಲ್ಲಾಗುವುದಿಲ್ಲ. ನಿನ್ನೆ 88 ಡಿಗ್ರಿ. ಊತವೂ ಇಳಿದಿದೆ, ಹುಡುಗಿಯೂ ಬಿಡದೆ ಮಾಡಿಸಿದ್ದಾಳೆ. ಯಾರ ಪಾಲು ಎಷ್ಟೋ ನನಗೆ ತಿಳಿಯದು. ಪರದೆ ಮಾತ್ರ ಇನ್ನೂ ಮುಗಿದಿಲ್ಲ, ಅರ್ಧಕ್ಕೇ ನಿದ್ದೆ ಬಂದುಬಿಡುತ್ತದೆ.

ನಿಜವಾದ ಮಿಷನ್ ಮೂಲೆಯಲ್ಲೇ ಇದೆ. ಅದನ್ನು ಯಾವಾಗ ತುಳಿಯಬಹುದು?

ಗೋನಿಯೋಮೀಟರ್:

ಮಂಡಿ 90 ದಾಟಲಿ, ಸರ್ಜನ್ ಹೂಂ ಅನ್ನಲಿ. ಮೊದಲ ದಿನ ದಾರ ಹಾಕಬೇಡಿ, ಖಾಲಿ ತುಳಿಯಿರಿ, 5 ನಿಮಿಷ.